ಏಳು ವರ್ಷದಿಂದ ಒಂದೇ ಬೆರಳಿನ ತುದಿ ನೋವು, ತಣ್ಣೀರು ತಾಗಿದರೆ ಜೀವ ಹೋಗುತ್ತದೆ. ಯಾರಿಗಾದರೂ ಹೀಗಾಗಿದೆಯಾ?

ತುಂಗೆದಡದ_ಟೀಚರ್
ಜನವರಿ 6, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಪ್ರೈಮರಿ ಶಾಲೆ ಟೀಚರ್, ವಯಸ್ಸು 41. ಎಡಗೈ ಉಂಗುರ ಬೆರಳಿನ ತುದಿಯಲ್ಲಿ ಏಳು ವರ್ಷದಿಂದ ನೋವು. ಊತ ಇಲ್ಲ, ಕೀವಿಲ್ಲ, ಗಾಯ ಇಲ್ಲ. ನೋಡಿದವರಿಗೆ ಏನೂ ಕಾಣುವುದಿಲ್ಲ. ಅದೇ ನನ್ನ ಕಷ್ಟ.

ಚಳಿಗಾಲದ ಬೆಳಿಗ್ಗೆ ಅಕ್ಕಿ ತೊಳೆಯಲು ನಲ್ಲಿಗೆ ಕೈ ಒಡ್ಡಿದರೆ ಉಗುರಿನ ಕೆಳಗೆ ಕಾಯಿಸಿದ ಸೂಜಿ ಚುಚ್ಚಿದ ಹಾಗಾಗುತ್ತದೆ. ಅಲ್ಲಿಂದ ಮೊಣಕೈವರೆಗೆ ಓಡುತ್ತದೆ. ಹತ್ತು ನಿಮಿಷ ಬೆರಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರಬೇಕು. ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆಯುವುದು ನಮ್ಮವರ ಕೆಲಸ ಆಗಿ ಎಷ್ಟೋ ವರ್ಷವಾಯಿತು. ಶಾಲೆಯಲ್ಲಿ ಮಗುವೊಂದು ಕೈ ಹಿಡಿದು ಎಳೆದಾಗ ಬೆರಳು ಬೆಂಚಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಆ ಮಗು ಪಾಪ ಹೆದರಿಬಿಟ್ಟಿತು.

ಮೊದಲು ಉಗುರುಸುತ್ತು ಅಂದರು, ಮಾತ್ರೆ ಕೊಟ್ಟರು. ಆಮೇಲೆ ಕತ್ತಿನ ಎಕ್ಸ್‌ರೇ ತೆಗೆಸಿ ಕತ್ತಿನ ಮೂಳೆ ಸವೆದಿದೆ ಅಂದರು. ಒಂದು ವರ್ಷ ಕತ್ತಿಗೆ ಬೆಲ್ಟ್ ಹಾಕಿಕೊಂಡು ಪಾಠ ಮಾಡಿದೆ. ನರದ ಮಾತ್ರೆ ತಿಂದು ಮಧ್ಯಾಹ್ನದ ಪೀರಿಯಡ್‌ನಲ್ಲಿ ನಿದ್ದೆ ಬರುತ್ತಿತ್ತು. ಕಳೆದ ವರ್ಷ ಒಬ್ಬರು ಬೆರಳನ್ನು ಮುಟ್ಟದೆ, "ಮನೇಲಿ ಏನಾದ್ರೂ ಟೆನ್ಶನ್ ಇದೆಯಾಮ್ಮ?" ಅಂತ ಕೇಳಿದರು. ಇದ್ದದ್ದು ಬೆರಳಿನ ಟೆನ್ಶನ್ ಒಂದೇ.

ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಅಡುಗೆಮನೆ_ಅಜ್ಜಿ
ಜನವರಿ 6, ರಾತ್ರಿ 10.15

ನಿಂಬೆಹಣ್ಣಿಗೆ ತೂತು ಮಾಡಿ, ಅರಿಶಿನ ಉಪ್ಪು ತುಂಬಿ, ಬೆರಳಿಗೆ ಟೋಪಿ ಹಾಕಿದ ಹಾಗೆ ಹಾಕಿಕೊಂಡು ಮಲಗಮ್ಮ. ಬೆಳಿಗ್ಗೆ ಹೊತ್ತಿಗೆ ಎಳೆದುಬಿಡುತ್ತದೆ.

ತುಂಗೆದಡದ_ಟೀಚರ್
ಜನವರಿ 6, ರಾತ್ರಿ 10.22

ಅಜ್ಜಿ, ಅಮ್ಮನೂ ಅದನ್ನೇ ಮಾಡಿದ್ದರು. ಫ್ರಿಜ್ಜಿನಲ್ಲಿದ್ದ ನಿಂಬೆಹಣ್ಣು ಹಾಕಿದ್ದರು. ಆ ರಾತ್ರಿಯ ಕಥೆ ಬೇಡ ಬಿಡಿ.

ಕೈಶಸ್ತ್ರ_ಡಾಕ್ಟ್ರು
ಜನವರಿ 6, ರಾತ್ರಿ 11.30

ಟೀಚರ್, ನಾನು ಬೆಂಗಳೂರಿನಲ್ಲಿ ಕೈಗಳ ಆಪರೇಷನ್ ಮಾಡುವವನು. ಬೆರಳನ್ನು ನೋಡದೆ ರೋಗ ಹೇಳುವುದು ತಪ್ಪು. ಆದರೆ ನೀವು ಬರೆದಿದ್ದನ್ನು ಓದಿ ಸುಮ್ಮನೆ ಮಲಗುವುದಕ್ಕೆ ಆಗಲಿಲ್ಲ.

ಮೂರು ವಿಷಯ ಒಟ್ಟಿಗೆ ಬಂದರೆ ನಮಗೆ ಒಂದು ಅನುಮಾನ ಬರುತ್ತದೆ. ಇದ್ದಕ್ಕಿದ್ದ ಹಾಗೆ ಸಿಡಿಯುವ ನೋವು, ಒಂದೇ ಬಿಂದುವಿನಲ್ಲಿ ಮುಟ್ಟಿದರೆ ತಡೆಯಲಾಗದ ನೋವು, ಮತ್ತೆ ತಣ್ಣಗಿನದು ತಾಗಿದರೆ ಜಾಸ್ತಿ. ಇವು ಗ್ಲೋಮಸ್ ಟ್ಯೂಮರ್ ಎಂಬ ಸಣ್ಣ ಗಡ್ಡೆಯ ಗುರುತು. ಟ್ಯೂಮರ್ ಅಂದ ತಕ್ಷಣ ಗಾಬರಿ ಬೇಡ. ಇದು ಕ್ಯಾನ್ಸರ್ ಅಲ್ಲ.

ನಮ್ಮ ಬೆರಳ ತುದಿ, ಅಂಗೈ, ಅಂಗಾಲಿನ ಚರ್ಮದ ಒಳಗೆ ಗ್ಲೋಮಸ್ ಎಂಬ ಪುಟ್ಟ ರಕ್ತನಾಳದ ಗಂಟುಗಳಿವೆ. ಕಾಲುವೆಗೆ ತೂಬು ಇದ್ದ ಹಾಗೆ. ಚಳಿಯಾದಾಗ, ಬಿಸಿಯಾದಾಗ ಚರ್ಮಕ್ಕೆ ಎಷ್ಟು ರಕ್ತ ಬಿಡಬೇಕು ಎಂದು ನೋಡಿಕೊಳ್ಳುವ ಕೆಲಸ ಅವುಗಳದ್ದು. ಆ ತೂಬಿನ ಜೀವಕೋಶಗಳೇ ಅತಿಯಾಗಿ ಬೆಳೆದರೆ ಈ ಗಡ್ಡೆ. ಹೆಚ್ಚಾಗಿ ಒಂದು ಸೆಂಟಿಮೀಟರ್ ಒಳಗೇ ಇರುತ್ತದೆ. ಕೈಯಲ್ಲಿ ಬಂದರೆ ಉಗುರಿನ ಕೆಳಗೇ ಜಾಸ್ತಿ, 30ರಿಂದ 50 ವಯಸ್ಸಿನ ಹೆಂಗಸರಿಗೇ ಜಾಸ್ತಿ. ಕೈಗೆ ಬರುವ ಗಡ್ಡೆಗಳಲ್ಲಿ ನೂರಕ್ಕೆ ಒಂದರಿಂದ ಐದು ಮಾತ್ರ ಇಂಥವು. ಹಾಗಾಗಿ ತುಂಬ ಡಾಕ್ಟರುಗಳು ತಮ್ಮ ಜೀವನದಲ್ಲಿ ಒಂದನ್ನೂ ನೋಡಿರುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗುಂಡುಪಿನ್ನಿನ ಚೂಪು ತುದಿ ಅಲ್ಲ, ಗುಂಡನೆಯ ತಲೆ. ಅದರಿಂದ ಉಗುರಿನ ಮೇಲೆ ಅಲ್ಲಲ್ಲಿ ಮೆಲ್ಲಗೆ ಒತ್ತಿ. ಎಲ್ಲಾ ಕಡೆ ನೋವಾ, ಒಂದೇ ಚುಕ್ಕೆಯಲ್ಲಾ? ನೋಡಿ ಬರೆಯಿರಿ.

ಪ್ರಶ್ನೆಪತ್ರಿಕೆ
ಜನವರಿ 7, ಬೆಳಿಗ್ಗೆ 7.05

ಡಾಕ್ಟ್ರೇ, ಕ್ಷಮಿಸಿ. ಇಂಟರ್‌ನೆಟ್ಟಿನಲ್ಲಿ ಟ್ಯೂಮರ್ ಅಂತ ಹೇಳಿ ಹೆದರಿಸುವುದು ಸರಿಯಾ? ಅವರಿಗೆ ಕತ್ತು ಸವೆದಿದೆ ಅಂತ ಎಕ್ಸ್‌ರೇನಲ್ಲೇ ಬಂದಿದೆಯಲ್ಲ.

ಕೈಶಸ್ತ್ರ_ಡಾಕ್ಟ್ರು
ಜನವರಿ 7, ಬೆಳಿಗ್ಗೆ 7.40

ಒಳ್ಳೆ ಪ್ರಶ್ನೆ. ನಲವತ್ತು ದಾಟಿದ ಬಹಳ ಜನರ ಕತ್ತಿನ ಎಕ್ಸ್‌ರೇ ತೆಗೆದರೆ ಏನಾದರೊಂದು ಸವೆದಿರುತ್ತದೆ, ನನ್ನದೂ ಸವೆದಿದೆ. ಕತ್ತಿನ ನರ ಒತ್ತಿದರೆ ಬೆರಳು ಜುಮ್ ಅನ್ನುತ್ತದೆ, ಮರಗಟ್ಟುತ್ತದೆ. ಉಗುರಿನಲ್ಲಿ ಪಿನ್ನಿನ ತಲೆಯಷ್ಟು ಜಾಗದಲ್ಲಿ ಮಾತ್ರ ನೋಯುವುದಿಲ್ಲ.

ತುಂಗೆದಡದ_ಟೀಚರ್
ಜನವರಿ 7, ಸಂಜೆ 6.20

ಶಾಲೆಯಿಂದ ಬಂದು ಕೂತು ಮಾಡಿದೆ. ಉಗುರಿನ ತುದಿ, ಏನಿಲ್ಲ. ಮಧ್ಯ, ಏನಿಲ್ಲ. ಹೆಬ್ಬೆರಳಿನ ಕಡೆಯ ಅಂಚು, ಏನಿಲ್ಲ. ಇದೇನು ಸುಮ್ನೆ ಅಂದುಕೊಳ್ಳುವಷ್ಟರಲ್ಲಿ ಉಗುರಿನ ಬುಡದ ಬಿಳಿ ಅರ್ಧಚಂದ್ರ ಇದೆಯಲ್ಲ, ಅದರ ಪಕ್ಕ ಕಿರುಬೆರಳಿನ ಕಡೆಗೆ ಪಿನ್ನು ಇಟ್ಟೆ. ಇಟ್ಟೆ ಅಷ್ಟೇ, ಒತ್ತಲಿಲ್ಲ. ಪಿನ್ನು ಕೈಯಿಂದ ಹಾರಿ ಹೋಯಿತು. ಕೂಗಿದ್ದು ಕೇಳಿ ಮಗಳು ಓಡಿ ಬಂದಳು.

ಇನ್ನೊಂದು. ದೀಪದ ಕೆಳಗೆ ನೋಡಿದಾಗ ಅದೇ ಚುಕ್ಕೆಯಿಂದ ಉಗುರಿನ ತುದಿವರೆಗೆ ಒಂದು ಸಣ್ಣ ಕೆಂಪು ಗೆರೆ ಇದೆ. ತುದಿಯಲ್ಲಿ ಉಗುರು ಚೂರು ಸೀಳಿದೆ. ಇದು ಅಳಿಸದೆ ಉಳಿದ ನೇಲ್ ಪಾಲಿಶ್ ಅಂತ ಅಂದುಕೊಂಡಿದ್ದೆ. ನಾನು ನೇಲ್ ಪಾಲಿಶ್ ಹಾಕಿ ಮೂರು ವರ್ಷ ಆಯಿತು.

ಕೈಶಸ್ತ್ರ_ಡಾಕ್ಟ್ರು
ಜನವರಿ 7, ರಾತ್ರಿ 8.00

ಆ ಗೆರೆ ತುಂಬ ಮುಖ್ಯ. ಕೆಳಗಿನ ಗಡ್ಡೆ ಉಗುರು ಹುಟ್ಟುವ ಜಾಗವನ್ನು ಒತ್ತಿದರೆ, ಅಲ್ಲಿಂದ ಬರುವ ಉಗುರು ಆ ಗೆರೆಯಲ್ಲಿ ತೆಳ್ಳಗೆ ಬರುತ್ತದೆ. ಅದಕ್ಕೇ ಕೆಂಪು ಕಾಣುವುದು, ತುದಿ ಸೀಳುವುದು.

ಈಗ ಶಿವಮೊಗ್ಗದಲ್ಲಿ ಕೈ ನೋಡುವ ಆರ್ಥೋ ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ. ಅವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಕೈ ಮೇಲೆತ್ತಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ, ರಕ್ತ ನಿಲ್ಲುವಷ್ಟು ಉಬ್ಬಿಸಿ, ಮತ್ತೆ ಅದೇ ಚುಕ್ಕೆ ಒತ್ತುತ್ತಾರೆ. ಗ್ಲೋಮಸ್ ಆಗಿದ್ದರೆ ಆಗ ನೋವು ಇರುವುದಿಲ್ಲ. ಪಟ್ಟಿ ಸಡಿಲಿಸಿದ ಕೂಡಲೇ ವಾಪಸ್ ಬರುತ್ತದೆ. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ.

ಪಿನ್ನಿನ ಪರೀಕ್ಷೆಗೆ ಲವ್ ಅನ್ನುವವರ ಹೆಸರು, ಪಟ್ಟಿಯ ಪರೀಕ್ಷೆಗೆ ಹಿಲ್‌ಡ್ರೆತ್ ಅನ್ನುವವರ ಹೆಸರು ಇದೆ. ನೋವಿನ ಪರೀಕ್ಷೆಗೆ ಲವ್ ಅಂತ ಹೆಸರು. ನಾವು ಓದುವಾಗ ಇದನ್ನು ಮರೆಯುತ್ತಲೇ ಇರಲಿಲ್ಲ.

ಸ್ಕ್ಯಾನಿಂಗ್_ಹುಬ್ಬಳ್ಳಿ
ಜನವರಿ 8, ಮಧ್ಯಾಹ್ನ 1.10

ಅಕ್ಕಾರ, ಸ್ಕ್ಯಾನಿಗೆ ಹೋಗುವಾಗ ಒಂದು ಮಾತು ನೆನಪಿಡ್ರಿ. ನಾನು ರೇಡಿಯಾಲಜಿಯವನು. ಚೀಟಿಯಲ್ಲಿ ಸುಮ್ನೆ "ಕೈ ನೋವು" ಅಂತ ಬರೆದು ಕಳಿಸಿದರೆ ನಾವು ಇಡೀ ಕೈ ನೋಡಿ ನಾರ್ಮಲ್ ಅಂತ ಬರೆದು ಕಳಿಸುತ್ತೇವೆ. "ಎಡ ಉಂಗುರ ಬೆರಳು, ಉಗುರಿನ ಕೆಳಗೆ, ಗ್ಲೋಮಸ್ ಇದೆಯೇ ನೋಡಿ" ಎಂದು ಬರೆಸಿಕೊಂಡು ಹೋಗಿ. ಪೆನ್ನಿನಲ್ಲಿ ಚುಕ್ಕೆ ಇಟ್ಟುಕೊಂಡು ಹೋಗಿ.

ಅಲ್ಟ್ರಾಸೌಂಡ್ ಆದರೆ ಹೊಟ್ಟೆ ನೋಡುವ ದೊಡ್ಡ ಪ್ರೋಬ್ ಬೇಡ. ಹಾಕಿ ಕೋಲಿನ ಆಕಾರದ ಒಂದು ಸಣ್ಣ ಪ್ರೋಬ್ ಬರುತ್ತದೆ, ಅದು ಬೇಕು. ಜೆಲ್ ಧಾರಾಳ ಹಾಕಿ, ಉಗುರಿಗೆ ತಾಗಿಯೂ ತಾಗದ ಹಾಗೆ ಹಿಡಿಯಬೇಕು. ಒತ್ತಿಬಿಟ್ಟರೆ ಗಡ್ಡೆಯೊಳಗಿನ ರಕ್ತ ಹೊರಟು ಹೋಗಿ, ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಬಣ್ಣವೇ ಕಾಣುವುದಿಲ್ಲ. ಪೇಷಂಟ್ ಒದೆಯುವುದು ಬೇರೆ. ಸರಿಯಾಗಿ ಹಿಡಿದರೆ ಕಪ್ಪು ಕಾಳಿನೊಳಗೆ ಕೆಂಪು ನೀಲಿ ಮಿನುಗುತ್ತದೆ.

ಎಂಆರ್‌ಐನಲ್ಲಿ ಟಿ2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಚಿತ್ರ ಸ್ಪಷ್ಟವಾಗಲು ಚುಚ್ಚುವ ಔಷಧ ಕೊಟ್ಟ ಮೇಲೂ ಚೆನ್ನಾಗಿ ಹೊಳೆಯುತ್ತದೆ. ಎಕ್ಸ್‌ರೇ ಬಹಳ ಸಲ ನಾರ್ಮಲ್ಲೇ ಬರುತ್ತದೆ. ಹಳೆಯ ಗಡ್ಡೆ ಆದರೆ ಕೆಳಗಿನ ಮೂಳೆಯಲ್ಲಿ ಚಮಚದಿಂದ ಕೆರೆದ ಹಾಗೆ ಒಂದು ತಗ್ಗು. ಎರಡು ಮಿಲಿಮೀಟರಿಗಿಂತ ಸಣ್ಣದು ಎಂಆರ್‌ಐಗೂ ತಪ್ಪಿಸಿಕೊಳ್ಳಬಹುದು. ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಪಿನ್ನು ಹೇಳಿದ್ದು ಸುಳ್ಳಾಗುವುದಿಲ್ಲ.

ತುಮಕೂರು_ಸ್ಟೇರಿಂಗ್
ಜನವರಿ 8, ರಾತ್ರಿ 9.35

ಇದನ್ನು ಓದುತ್ತಾ ಮೈ ಜುಮ್ ಅಂತು. ನನಗೂ ಇದೇ ಇತ್ತು, ಆದರೆ ಬೆರಳಿನಲ್ಲಲ್ಲ. ಮೊಣಕಾಲಿನಲ್ಲಿ!

ನಾನು ಬಸ್ ಡ್ರೈವರ್. ಎಡ ಮೊಣಕಾಲು ಚಿಪ್ಪಿನ ಪಕ್ಕ ಒಂದು ಜಾಗ. ಪ್ಯಾಂಟಿನ ಬಟ್ಟೆ ಉಜ್ಜಿದರೂ ಕರೆಂಟ್ ಹೊಡೆದ ಹಾಗೆ. ಎಡಗಾಲಲ್ಲೇ ತಾನೆ ಕ್ಲಚ್ ಒತ್ತುವುದು. ಮೊಣಕಾಲಿನ ಎಂಆರ್‌ಐ ಮಾಡಿಸಿ, ಕೀಲಿನೊಳಗಿನ ಮೆತ್ತೆ, ಮೆನಿಸ್ಕಸ್, ಸ್ವಲ್ಪ ಹರಿದಿದೆ ಅಂದರು. ಒಂದು ಕಡೆ ಕೀಹೋಲ್ ಆಪರೇಷನ್ ಮಾಡಿ ಅದನ್ನು ಸರಿಮಾಡಿದರು. ಕೀಲು ಸರಿಯಾಯಿತು, ನೋವು ಅಲ್ಲೇ ಉಳಿಯಿತು. ಡಿಪೋದಲ್ಲಿ ಎಲ್ಲರೂ ನನ್ನನ್ನು ನಾಟಕ ಮಾಡುತ್ತಿದ್ದಾನೆ ಅಂದರು. ರಜೆ ಕೇಳಿದರೆ ನಗುತ್ತಿದ್ದರು.

ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸಿಕ್ಕಿದರು. ಅವರು ಕೇಳಿದ್ದು ಒಂದೇ ಮಾತು. "ಒಂದು ಬೆರಳಿನಲ್ಲಿ ತೋರಿಸಿ, ಅಂಗೈಯಲ್ಲಿ ಬೇಡ." ತೋರಿಸಿದೆ. ಪೆನ್ನಿನ ಹಿಂಭಾಗದಿಂದ ಒತ್ತಿದರು. ನಾನು ಮೇಜಿನಿಂದ ಎದ್ದೇಬಿಟ್ಟೆ. ಹಳೆಯ ಎಂಆರ್‌ಐ ಮತ್ತೆ ತೆಗೆದು ನೋಡಿದರೆ ಚರ್ಮದ ಕೆಳಗೆ, ಕೀಲಿನ ಹೊರಗೆ, ಅವರೆಕಾಳಿನಷ್ಟು ಇತ್ತು. ಎಲ್ಲರೂ ಕೀಲಿನ ಒಳಗೇ ಹುಡುಕುತ್ತಿದ್ದರು. ಅರ್ಧ ಗಂಟೆಯ ಆಪರೇಷನ್. ಹೊಲಿಗೆ ನೋವು ಬಿಟ್ಟರೆ ಆ ಕರೆಂಟ್ ನೋವು ಅವತ್ತೇ ಹೋಯಿತು.

ಲ್ಯಾಬ್_ಮಂಗಳೂರು
ಜನವರಿ 9, ಬೆಳಿಗ್ಗೆ 11.00

ಸ್ಟೇರಿಂಗ್ ಅಣ್ಣ, ನಿಮ್ಮಂಥವರಿಗೇ ತುಂಬ ತಡವಾಗುವುದು. ಬೆರಳಿನಲ್ಲಿ ಬಂದರೆ ಯಾರಿಗಾದರೂ ಒಬ್ಬರಿಗೆ ಹೊಳೆಯುತ್ತದೆ. ಮೊಣಕಾಲು, ತೊಡೆ, ಮುಂಗೈಯಲ್ಲಿ ಬಂದರೆ ಹೊಳೆಯುವುದೇ ಇಲ್ಲ. ಅಲ್ಲಿ ತಣ್ಣೀರಿನ ಗುರುತೂ ಎಷ್ಟೋ ಸಲ ಇರುವುದಿಲ್ಲ.

ನಾನು ಪ್ಯಾಥಾಲಜಿಸ್ಟ್. ಕತ್ತರಿಸಿ ಕಳಿಸಿದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಈ ಗಡ್ಡೆ ಜಠರದಲ್ಲೂ ಬರುತ್ತದೆ, ಶ್ವಾಸನಾಳದಲ್ಲೂ ಬರುತ್ತದೆ. ಜಠರದ ಕೆಳಭಾಗದ ಗೋಡೆಯೊಳಗೆ ಕೂತು ರಕ್ತ ಸೋರಿಸುತ್ತದೆ. ಹೊಟ್ಟೆಯೊಳಗೆ ಚಳಿ ಕಾಯುವ ತೂಬು ಯಾಕೆ ಬೇಕಿತ್ತೋ! ಎಂಡೋಸ್ಕೋಪಿಯಲ್ಲಿ ನೋಡಿದರೆ ಮೇಲೆ ನುಣುಪಾದ ಉಬ್ಬು ಮಾತ್ರ. ಚಿವುಟಿ ತೆಗೆದ ತುಂಡಿನಲ್ಲಿ ಬರೀ ಮೇಲ್ಪದರ ಬರುತ್ತದೆ, ಗಡ್ಡೆ ಆಳದಲ್ಲಿ ಉಳಿಯುತ್ತದೆ. ಜಿಸ್ಟ್ ಎಂಬ ಇನ್ನೊಂದು ಗಡ್ಡೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಜೀವಕೋಶದ ಪ್ರೋಟೀನ್ ಗುರುತಿಸುವ ಬಣ್ಣದ ಪರೀಕ್ಷೆ ಮಾಡಿದಾಗ ಸ್ಮೂತ್ ಮಸಲ್ ಆಕ್ಟಿನ್ ಎಂಬ ಪ್ರೋಟೀನಿನ ಬಣ್ಣ ಹಿಡಿಯುತ್ತದೆ, ಜಿಸ್ಟ್ ಹಿಡಿಯುವ ಸಿಡಿ117 ಎಂಬುದರ ಬಣ್ಣ ಹಿಡಿಯುವುದಿಲ್ಲ. ಆಗ ಗೊತ್ತಾಗುವುದು.

ಆಳದಲ್ಲಿದ್ದು ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ನಾವು ಹೆಚ್ಚು ಹುಷಾರಾಗಿ ನೋಡುತ್ತೇವೆ. ಕೆಟ್ಟ ಜಾತಿಯದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಬಾಳೆಹೊನ್ನೂರು_ಸೊಸೆ
ಜನವರಿ 9, ಮಧ್ಯಾಹ್ನ 3.30

ನಮ್ಮ ಅತ್ತೆಗೆ ಕಿವಿಯಲ್ಲಿ ಗ್ಲೋಮಸ್ ಅಂದಿದ್ದಾರೆ. ಅವರಿಗೆ ನೋವಿಲ್ಲ, ಕಿವಿಯಲ್ಲಿ ತಮ್ಮದೇ ಎದೆಬಡಿತ ಕೇಳುತ್ತದಂತೆ. ಅದಕ್ಕೂ ಪಿನ್ ಪರೀಕ್ಷೆ ಮಾಡಬಹುದಾ?

ಲ್ಯಾಬ್_ಮಂಗಳೂರು
ಜನವರಿ 9, ಮಧ್ಯಾಹ್ನ 3.42

ಅಯ್ಯೋ ಬೇಡ! ಹೆಸರು ಒಂದೇ, ಮನೆತನ ಬೇರೆ. ಕಿವಿಯ ಮತ್ತು ಕತ್ತಿನ ಗ್ಲೋಮಸ್ ಎನ್ನುವುದು ನರಕ್ಕೆ ಸೇರಿದ ಜೀವಕೋಶದ ಗಡ್ಡೆ, ಅದರ ಸರಿಯಾದ ಹೆಸರು ಪ್ಯಾರಾಗ್ಯಾಂಗ್ಲಿಯೋಮಾ. ಹಳೆಯ ಕಾಲದಲ್ಲಿ ಇಟ್ಟ ಹೆಸರು ಹಾಗೇ ಉಳಿದುಕೊಂಡಿದೆ. ಅತ್ತೆಯವರನ್ನು ಇಎನ್‌ಟಿ ಡಾಕ್ಟರೇ ನೋಡಲಿ. ಈ ಚರ್ಚೆಯ ಯಾವ ಸಲಹೆಯೂ ಅವರಿಗೆ ಬೇಡ.

ಓಟಗಾರನ_ಅಪ್ಪ
ಜನವರಿ 10, ರಾತ್ರಿ 10.05

ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ನನ್ನ ಮಗನಿಗೆ 14 ವರ್ಷ. ಮೊಣಕಾಲು ನೋವು ಅಂತ ರಾತ್ರಿ ಎರಡು ಗಂಟೆಗೆ ಎದ್ದು ಅಳುತ್ತಿದ್ದ. ಬೆಳೆಯುವ ವಯಸ್ಸಿನ ನೋವು ಅಂದರು. ಓಟ ಜಾಸ್ತಿ ಆಯಿತು ಅಂದರು. ಮೊಣಕಾಲಿನ ಎಲ್ಲಾ ಎಕ್ಸ್‌ರೇ ಸರಿ ಇತ್ತು. ನೋವು ಇದ್ದದ್ದು ಮೊಣಕಾಲಲ್ಲಿ, ಗಡ್ಡೆ ಇದ್ದದ್ದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆಯ ಕತ್ತಿನಲ್ಲಿ! ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಮೂಳೆಯ ಗಡ್ಡೆ ಅಂತೆ. ಇದೂ ಕ್ಯಾನ್ಸರ್ ಅಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಒಂದು ಐಬುಪ್ರೊಫೆನ್ ಮಾತ್ರೆ. ಬೇರೆ ಯಾವುದಕ್ಕೂ ಬಗ್ಗದ ನೋವು ಅದಕ್ಕೆ ಮಾತ್ರ ಅರ್ಧ ಗಂಟೆಯಲ್ಲಿ ಇಳಿಯುತ್ತಿತ್ತು. ಅದನ್ನು ಡಾಕ್ಟರಿಗೆ ಹೇಳಿದ ತಕ್ಷಣ ಅವರು ಸಿಟಿ ಸ್ಕ್ಯಾನ್ ಬರೆದರು. ಆ ಗಡ್ಡೆಯೇ ಪ್ರೋಸ್ಟಗ್ಲ್ಯಾಂಡಿನ್ ಎಂಬ ನೋವಿನ ರಾಸಾಯನಿಕವನ್ನು ತಯಾರಿಸುತ್ತದಂತೆ, ಮಾತ್ರೆ ಅದನ್ನು ತಡೆಯುತ್ತದಂತೆ. ಕೊಯ್ಯಲಿಲ್ಲ. ಸಿಟಿಯಲ್ಲಿ ನೋಡುತ್ತಾ ಮೂಳೆಯೊಳಗೆ ಸೂಜಿ ಇಳಿಸಿ, 90 ಡಿಗ್ರಿಗೆ ಕಾಯಿಸಿ, ಐದಾರು ನಿಮಿಷ ಸುಟ್ಟರು. ಮಾರನೇ ದಿನ ಮನೆ. ಆ ರಾತ್ರಿ ಅವನು ಮಲಗಿದ್ದ, ನಾನು ಮಾತ್ರ ಎರಡು ಗಂಟೆಗೆ ಅಭ್ಯಾಸಬಲದಿಂದ ಎದ್ದು ಕೂತಿದ್ದೆ.

ತುಂಗೆದಡದ_ಟೀಚರ್
ಜನವರಿ 24, ಸಂಜೆ 7.15

ಶಿವಮೊಗ್ಗಕ್ಕೆ ಹೋಗಿ ಬಂದೆ. ಬಿಪಿ ಪಟ್ಟಿಯ ಪರೀಕ್ಷೆ ಮಾಡಿದರು. ಪಟ್ಟಿ ಉಬ್ಬಿಸಿ ಪಿನ್ನು ಒತ್ತಿದಾಗ ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದೆ. "ಒತ್ತಿ ಸರ್, ರೆಡಿ" ಅಂದೆ. ಅವರು, "ಒತ್ತಿ ಆಯ್ತಲ್ಲಮ್ಮ" ಅಂದರು. ಏಳು ವರ್ಷದಲ್ಲಿ ಮೊದಲ ಸಲ ಆ ಜಾಗ ಮುಟ್ಟಿದರೂ ನೋವಾಗಲಿಲ್ಲ. ಪಟ್ಟಿ ಬಿಟ್ಟರು, ಬಂತು ನೋಡಿ.

ಸ್ಕ್ಯಾನಿಂಗ್ ಅಣ್ಣ ಹೇಳಿದ ಹಾಗೇ ಚೀಟಿ ಬರೆಸಿಕೊಂಡು ಹೋದೆ. 4 ಮಿಲಿಮೀಟರ್. ಕೆಳಗಿನ ಮೂಳೆಯಲ್ಲಿ ಸಣ್ಣ ತಗ್ಗು. ರಿಪೋರ್ಟ್ ಓದಿ ನಮ್ಮವರು, "ಇಷ್ಟಕ್ಕಾ?" ಅಂದರು. ನನಗೆ ಮಾತ್ರ ಅಳು ಬಂತು. ಗಡ್ಡೆ ಇದೆ ಅಂತ ಕೇಳಿ ಖುಷಿಯಾದದ್ದು ನಾನೊಬ್ಬಳೇ ಇರಬೇಕು.

ಪ್ರಶ್ನೆಪತ್ರಿಕೆ
ಜನವರಿ 24, ರಾತ್ರಿ 8.30

ಟೀಚರ್, ಮೊದಲು ನಾನು ಬರೆದದ್ದಕ್ಕೆ ಸಾರಿ. ಆದರೂ ಕೇಳುತ್ತೇನೆ. ಕ್ಯಾನ್ಸರ್ ಅಲ್ಲ, ಹರಡುವುದಿಲ್ಲ ಅಂದ ಮೇಲೆ ಯಾಕೆ ಕೊಯ್ಯಿಸಬೇಕು? ಮಾತ್ರೆಯಲ್ಲಿ ಕರಗುವುದಿಲ್ಲವಾ?

ಕೈಶಸ್ತ್ರ_ಡಾಕ್ಟ್ರು
ಜನವರಿ 24, ರಾತ್ರಿ 10.50

ಕರಗುವುದಿಲ್ಲ. ತಾನಾಗಿ ಹೋಗುವುದೂ ಇಲ್ಲ. ಪೂರ್ತಿ ತೆಗೆದರೆ ಮಾತ್ರ ನೋವು ಹೋಗುತ್ತದೆ. ಯಾರೂ ಜೀವ ಉಳಿಸಲು ಇದನ್ನು ತೆಗೆಸುವುದಿಲ್ಲ, ಅಕ್ಕಿ ತೊಳೆಯಲು ತೆಗೆಸುತ್ತಾರೆ. ಅದು ಸಣ್ಣ ಕಾರಣ ಅಲ್ಲ.

ಹೇಗೆ ಮಾಡುತ್ತೇವೆ ಅಂದರೆ, ಮೊದಲು ಪೇಷಂಟ್ ಕೈಯಿಂದಲೇ ಜಾಗ ತೋರಿಸಿ ಉಗುರಿನ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕುತ್ತೇವೆ. ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಆ ಚುಕ್ಕೆಯನ್ನು ಹುಡುಕಲು ಪಿನ್ನಿಗೂ ಆಗುವುದಿಲ್ಲ. ಗುರುತು ಹಾಕದೆ ಒಳಗೆ ಹೋಗಿ, ಏನೂ ಸಿಗದೆ ಹೊಲಿದು ಬಂದವರಿದ್ದಾರೆ. ಆಮೇಲೆ ರಕ್ತ ಬರದ ಹಾಗೆ ಬೆರಳ ಬುಡಕ್ಕೆ ಬಿಗಿ ಕಟ್ಟುತ್ತೇವೆ. ರಕ್ತ ಇದ್ದರೆ ಈ ಗಾತ್ರದ್ದು ಕಾಣುವುದೇ ಇಲ್ಲ. ರಬ್ಬರ್ ಗ್ಲೋವ್ಸಿನ ಬೆರಳನ್ನೇ ಕತ್ತರಿಸಿ ಸುರುಳಿ ಮಾಡಿ ಕಟ್ಟುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಿದೆವಾ ಅಂತ ಎರಡು ಸಲ ನೋಡಬೇಕು. ಮರೆತರೆ ಬೆರಳೇ ಹೋಗುತ್ತದೆ.

ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಉಗುರನ್ನು ಎಬ್ಬಿಸಿ, ಕೆಳಗಿನ ಮೆತ್ತನೆ ಪದರವನ್ನು ಉದ್ದಕ್ಕೆ ಸೀಳುತ್ತೇವೆ. ಉಗುರು ಹುಟ್ಟುವ ಜಾಗಕ್ಕೆ ಪೆಟ್ಟಾದರೆ ಉಗುರು ಮುಂದೆ ಎರಡು ಭಾಗವಾಗಿ ಬರಬಹುದು. ಗಡ್ಡೆಗೆ ತನ್ನದೇ ಒಂದು ತೆಳು ಸಿಪ್ಪೆ ಇರುತ್ತದೆ. ಒಡೆಯದೆ ಬಿಡಿಸಿದರೆ ಬಟಾಣಿ ಸಿಪ್ಪೆಯಿಂದ ಕಾಳು ಬಂದ ಹಾಗೆ ಬರುತ್ತದೆ. ಒಡೆದರೆ ಚೂರು ಉಳಿಯುವ ಭಯ. ಆಮೇಲೆ ಕೂದಲಿಗಿಂತ ದಪ್ಪವಿಲ್ಲದ ದಾರದಲ್ಲಿ ಹೊಲಿದು, ಅದೇ ಉಗುರನ್ನು ಮೇಲೆ ಮುಚ್ಚಳದ ಹಾಗೆ ಕೂರಿಸುತ್ತೇವೆ. ಗಡ್ಡೆ ಅಂಚಿನಲ್ಲಿದ್ದರೆ ಉಗುರನ್ನು ಮುಟ್ಟದೆ ಪಕ್ಕದಿಂದಲೇ ಹೋಗಬಹುದು. ನಿಮ್ಮದು ಬುಡದಲ್ಲಿದೆ, ಮೇಲಿನಿಂದ ಹೋಗುವುದೇ ಒಳ್ಳೆಯದು ಅನ್ನಿಸುತ್ತದೆ. ನಿಮ್ಮ ಸರ್ಜನ್ ಹೇಳಿದ್ದೇ ಕೊನೆ.

ಟೊರಾಂಟೊ_ಗೌಡ
ಜನವರಿ 25, ಬೆಳಿಗ್ಗೆ 6.10

ಇಲ್ಲಿ ಮೈನಸ್ 15. ಗ್ಲೋವ್ಸ್ ಮೇಲೆ ಗ್ಲೋವ್ಸ್ ಹಾಕಿಕೊಂಡು ಟೈಪ್ ಮಾಡುತ್ತಿದ್ದೇನೆ. ಮಂಡ್ಯದಲ್ಲಿದ್ದಾಗ ನನಗೆ ಈ ನೋವು ಇದೆ ಅಂತಲೇ ಗೊತ್ತಿರಲಿಲ್ಲ. ಇಲ್ಲಿ ಬಂದ ಮೊದಲ ಚಳಿಗೇ ಗೊತ್ತಾಯಿತು.

ನನ್ನ ಅನುಭವ ಅಷ್ಟು ಸಲೀಸಲ್ಲ. ಒಂದು ಸಲ ಆಪರೇಷನ್ ಆಯಿತು, ಎರಡು ತಿಂಗಳಲ್ಲಿ ಮತ್ತೆ ಅದೇ ನೋವು. ಇಷ್ಟು ಬೇಗ ವಾಪಸ್ ಬಂದರೆ ಒಳಗೆ ಉಳಿದಿತ್ತು ಅಂತ ಅರ್ಥ, ವರ್ಷಗಟ್ಟಲೆ ಆದ ಮೇಲೆ ಬಂದರೆ ಹೊಸದು ಇರಬಹುದು ಅಂದರು. ಎರಡನೇ ಸಲ ತೆಗೆದಾಗ ಪಕ್ಕದಲ್ಲೇ ಇನ್ನೊಂದು ಸಾಸಿವೆಕಾಳಿನಂಥದು ಇತ್ತು. ಆಮೇಲೆ ಬಲಗೈಯಲ್ಲೂ ಒಂದು ಬಂತು.

ಆಗ ಡಾಕ್ಟರು ಶರ್ಟ್ ತೆಗೆಯಿರಿ ಅಂದರು. ಬೆರಳಿಗೂ ಶರ್ಟಿಗೂ ಏನು ಸಂಬಂಧ? ಬೆನ್ನು, ಕಂಕುಳಲ್ಲಿ ಕಾಫಿ ಬಣ್ಣದ ಮಚ್ಚೆ ಎಣಿಸಿದರು. ಒಂಬತ್ತು. ಚಿಕ್ಕಂದಿನಿಂದ ಇದ್ದವು, ಅಮ್ಮ ದೇವರ ಗುರುತು ಅನ್ನುತ್ತಿದ್ದಳು. ನ್ಯೂರೋಫೈಬ್ರೋಮಟೋಸಿಸ್ ಟೈಪ್ 1 ಅಂತ ಒಂದು ವಂಶವಾಹಿ ತೊಂದರೆ, ಅದಿದ್ದವರಿಗೆ ಒಂದಕ್ಕಿಂತ ಹೆಚ್ಚು ಬೆರಳಲ್ಲಿ ಗ್ಲೋಮಸ್ ಬರಬಹುದಂತೆ. ಈಗ ಮಗಳನ್ನೂ ತೋರಿಸುತ್ತಿದ್ದೇವೆ. ಎರಡು ಮೂರು ಬೆರಳಲ್ಲಿ ಬಂದವರು ದಯವಿಟ್ಟು ಮೈ ಮೇಲಿನ ಮಚ್ಚೆಯನ್ನೂ ಡಾಕ್ಟರಿಗೆ ತೋರಿಸಿ.

ತುಂಗೆದಡದ_ಟೀಚರ್
ಜನವರಿ 25, ಬೆಳಿಗ್ಗೆ 6.40

ಗೌಡ್ರೇ, ಓದಿದ ತಕ್ಷಣ ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ನನಗೆ ಒಂದೂ ಇಲ್ಲ. ಮಗಳಿಗೆ ಏನೂ ಇಲ್ಲದಿರಲಿ.

ದುಡ್ಡಿನ_ಲೆಕ್ಕ
ಜನವರಿ 25, ಬೆಳಿಗ್ಗೆ 9.20

ಖರ್ಚು ಎಷ್ಟಾಗುತ್ತದೆ ಅಂತ ಯಾರೂ ಹೇಳುತ್ತಿಲ್ಲವಲ್ಲ.

ತುಮಕೂರು_ಸ್ಟೇರಿಂಗ್
ಜನವರಿ 25, ಬೆಳಿಗ್ಗೆ 9.45

ನನಗೆ ಆಪರೇಷನ್‌ಗಿಂತ ಮುಂಚೆ ಮಾಡಿಸಿದ ಬೇಡದ ಟೆಸ್ಟುಗಳಿಗೇ ಜಾಸ್ತಿ ಹೋಯಿತು. ಬಿಪಿಎಲ್ ಕಾರ್ಡ್ ಇದ್ದರೆ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಮಾಹಿತಿ ಕೊಡಲು ಆರೋಗ್ಯಮಿತ್ರ ಅಂತ ಕೂತಿರುತ್ತಾರೆ, ಮೊದಲು ಅವರನ್ನು ಕೇಳಿ. ಅಡ್ಮಿಟ್ ಆದ ಮೇಲೆ ಕೇಳಬೇಡಿ.

ತುಂಗೆದಡದ_ಟೀಚರ್
ಫೆಬ್ರವರಿ 18, ಮಧ್ಯಾಹ್ನ 4.00

ಆಯಿತು. ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ.

ಬೆರಳ ಬುಡಕ್ಕೆ ಎರಡು ಪಕ್ಕ ಚುಚ್ಚಿದ ಇಂಜೆಕ್ಷನ್ನೇ ಜಾಸ್ತಿ ನೋವು. ಆಮೇಲೆ ಬೆರಳು ಇದೆ ಅಂತಲೇ ಗೊತ್ತಾಗಲಿಲ್ಲ. ಮುಖದ ಮುಂದೆ ಹಸಿರು ಬಟ್ಟೆ ಕಟ್ಟಿದ್ದರು. ನರ್ಸಮ್ಮ ಊರು, ಮಕ್ಕಳು ಅಂತ ಮಾತಾಡಿಸುತ್ತಿದ್ದರು. ಮುಕ್ಕಾಲು ಗಂಟೆ ಇರಬಹುದು. ನಡುವೆ ಡಾಕ್ಟರು, "ನೋಡ್ತೀರಾ ಟೀಚರ್?" ಅಂದರು. ಬಿಳಿ ಬಟ್ಟೆಯ ಮೇಲೆ ನೆನೆಸಿದ ಸಬ್ಬಕ್ಕಿ ಕಾಳೊಂದು. ಅಷ್ಟೇ, ಸ್ವಲ್ಪ ಗುಲಾಬಿ, ಸ್ವಲ್ಪ ಬೂದು. ಪಾಯಸದಲ್ಲಿ ಇದ್ದಿದ್ದರೆ ಚಮಚಕ್ಕೂ ಸಿಗುತ್ತಿರಲಿಲ್ಲ. ಇದಕ್ಕಾಗಿ ನಾನು ಕತ್ತಿಗೆ ಬೆಲ್ಟ್ ಹಾಕಿಕೊಂಡು ತಿರುಗಿದೆನಾ!

ಲ್ಯಾಬ್_ಮಂಗಳೂರು
ಫೆಬ್ರವರಿ 18, ಸಂಜೆ 5.10

ಟೀಚರ್, ಆ ಕಾಳು ಲ್ಯಾಬಿಗೆ ಹೋಗಿದೆಯಾ? ಇಷ್ಟು ಸಣ್ಣದನ್ನು ಡಬ್ಬಿಯಲ್ಲಿ ಹಾಗೇ ಹಾಕಿ ಕಳಿಸಿದರೆ ಮುಚ್ಚಳಕ್ಕೆ ಅಂಟಿಕೊಂಡು ನಮಗೆ ತುಂಡು ಕೆಡದಂತೆ ಹಾಕುವ ಫಾರ್ಮಲಿನ್ ದ್ರವ ಮಾತ್ರ ಸಿಗುವುದುಂಟು. ಕಾಗದದಲ್ಲಿ ಸುತ್ತಿ ಕಳಿಸಬೇಕು. ರಿಪೋರ್ಟ್ ಬರುವ ತನಕ ಕೇಳುತ್ತಾ ಇರಿ. ಆಪರೇಷನ್ ಆಯಿತು, ನೋವು ಹೋಯಿತು ಅಂತ ರಿಪೋರ್ಟ್ ತರದೇ ಇರುವವರೇ ಜಾಸ್ತಿ.

ತುಂಗೆದಡದ_ಟೀಚರ್
ಫೆಬ್ರವರಿ 27, ರಾತ್ರಿ 8.20

ರಿಪೋರ್ಟ್ ಬಂತು. ಗ್ಲೋಮಸ್ ಟ್ಯೂಮರ್, ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲ. ರಕ್ತನಾಳದ ಸುತ್ತ ಒಂದೇ ಥರದ ಗುಂಡನೆಯ ಜೀವಕೋಶ ಅಂತ ಬರೆದಿದ್ದಾರೆ. ಹೊಲಿಗೆ ನೋವು ಮೊದಲ ಎರಡು ರಾತ್ರಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಬೇರೆ ಜಾತಿಯ ನೋವು. ಹಳೆಯದು ಬರಲಿಲ್ಲ. ರಾತ್ರಿ ಎದ್ದು ಬರುತ್ತದಾ ಅಂತ ಕಾಯುತ್ತಿದ್ದೆ.

ಕೈಶಸ್ತ್ರ_ಡಾಕ್ಟ್ರು
ಫೆಬ್ರವರಿ 27, ರಾತ್ರಿ 9.15

ಸಂತೋಷ. ಈಗ ಮೇಲೆ ಇಟ್ಟಿರುವ ಉಗುರು ಹಳೆಯದು, ಅದು ಬಿದ್ದುಹೋಗುತ್ತದೆ, ಹೆದರಬೇಡಿ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಬರಲು ನಾಲ್ಕರಿಂದ ಆರು ತಿಂಗಳು. ಸಣ್ಣ ಗೆರೆಯೊಂದು ಉಳಿದರೂ ಉಳಿಯಬಹುದು.

ಇನ್ನೊಂದು ಹೇಳಿ ಮುಗಿಸುತ್ತೇನೆ, ನನಗೆ ಇಷ್ಟವಾದ ವಿಷಯ. 1812ರಲ್ಲಿ ಎಡಿನ್‌ಬರೋದ ವಿಲಿಯಂ ವುಡ್ ಎಂಬ ಸರ್ಜನ್ ಚರ್ಮದ ಕೆಳಗಿನ ಈ ನೋವಿನ ಗಂಟನ್ನು ವಿವರಿಸಿ ಬರೆದಿದ್ದರು. ಅದು ಯಾವುದರಿಂದ ಆದದ್ದು ಅಂತ ಗೊತ್ತಾಗಿ, ಗ್ಲೋಮಸ್ ಹೆಸರು ಬಂದದ್ದು 1924ರಲ್ಲಿ, ಪಿಯರ್ ಮಾಸ್ಸೋಂ ಎಂಬ ಫ್ರೆಂಚ್ ಪ್ಯಾಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ. ನಡುವೆ 112 ವರ್ಷ. ನಿಮ್ಮ ಏಳು ವರ್ಷ ಕಡಿಮೆ ಅಂತ ಹೇಳುತ್ತಿಲ್ಲ.

ಅಡುಗೆಮನೆ_ಅಜ್ಜಿ
ಫೆಬ್ರವರಿ 27, ರಾತ್ರಿ 9.30

ನಿಂಬೆಹಣ್ಣು ಬಿಸಿ ಮಾಡಿ ಹಾಕಬೇಕಿತ್ತು.

ತುಂಗೆದಡದ_ಟೀಚರ್
ಡಿಸೆಂಬರ್ 14, ಬೆಳಿಗ್ಗೆ 8.05

ಎಲ್ಲರೂ ಹೇಗಿದ್ದೀರಿ? ಉಗುರು ಪೂರ್ತಿ ಬಂದಿದೆ. ನಡುವೆ ಒಂದು ಗೆರೆ ಇದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಇವತ್ತು ಇಲ್ಲಿ ವಿಪರೀತ ಚಳಿ, ಅಂಗಳದಲ್ಲಿ ಮಂಜು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದೆ. ಎರಡನೇ ನೀರು ಚೆಲ್ಲುವಾಗ ನೋಡುತ್ತೇನೆ, ಎಡಗೈಯಲ್ಲೇ ತೊಳೆಯುತ್ತಿದ್ದೇನೆ.

ಹೊಸಬ_ಗದಗ
ಡಿಸೆಂಬರ್ 14, ರಾತ್ರಿ 11.40

ಅಕ್ಕಾರ, ಇವತ್ತೇ ಈ ಚರ್ಚೆ ಸಿಕ್ಕಿತು. ಒಂದೇ ಉಸಿರಿಗೆ ಓದಿದೆ. ನಮ್ಮ ತಾಯಿಗೆ ಹೆಬ್ಬೆರಳಿನಲ್ಲಿ ಹತ್ತು ವರ್ಷದಿಂದ ಹೀಗೇ ಇದೆ. ಎಲ್ಲರೂ ವಾತ ಅಂತಾರೆ. ಏನು ಮಾಡಲಿ?

ತುಂಗೆದಡದ_ಟೀಚರ್
ಡಿಸೆಂಬರ್ 14, ರಾತ್ರಿ 11.48

ಮನೆಯಲ್ಲಿ ಗುಂಡುಪಿನ್ನು ಇದೆಯಾ ತಮ್ಮಾ? ಚೂಪು ತುದಿ ಅಲ್ಲ, ತಲೆ. ಈಗ ಬೇಡ, ಅಮ್ಮ ಮಲಗಿರುತ್ತಾರೆ. ಬೆಳಿಗ್ಗೆ ಮಾಡಿ ಬರೆ.